ಮನೆಯ ಶುಗರ್ ಮೆಷಿನ್ ತೋರಿಸುವ ಅಂಕಿಯನ್ನು ಎಷ್ಟು ನಂಬಬಹುದು?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯ ಗ್ಲುಕೋಮೀಟರ್ 142 ತೋರಿಸುತ್ತದೆ. ಆಮೇಲೆ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟರೆ ರಿಪೋರ್ಟ್‌ನಲ್ಲಿ 126 ಅಂತ ಬರುತ್ತದೆ. "ಈ ಮೆಷಿನ್ ಸರಿ ಇಲ್ಲ, ಬಿಸಾಕಿ" ಅನ್ನುವ ಮಾತು ಅಲ್ಲಿಗೇ ಶುರು. ಕೆಲವರು ಲ್ಯಾಬನ್ನೇ ಬೈಯುತ್ತಾರೆ. ನಿಜ ಹೇಳಬೇಕೆಂದರೆ ಇಲ್ಲಿ ಮೆಷಿನ್ನೂ ಕೆಟ್ಟಿಲ್ಲ, ಲ್ಯಾಬೂ ತಪ್ಪು ಮಾಡಿಲ್ಲ. 16ರ ಅಂತರ ಎಂದರೆ ಸುಮಾರು ಶೇ. 13. ಮನೆಯ ಮೀಟರ್‌ಗೆ ಜಗತ್ತು ಒಪ್ಪಿಕೊಂಡಿರುವ ಮಿತಿಯ ಒಳಗೇ ಅದು ಬರುತ್ತದೆ.

ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಇವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಎಷ್ಟೋ ಸಲ ಆ ಪುಟ್ಟ ಪರದೆಯ ಅಂಕಿ ನೋಡಿಯೇ ಡೋಸ್ ನಿರ್ಧರಿಸುತ್ತಾರೆ. ಅದಕ್ಕೇ ಮೀಟರ್ ಸರಿಯೋ ತಪ್ಪೋ ಎಂದು ಕೇಳಿ ಸುಮ್ಮನಾದರೆ ಸಾಲದು. ಎಷ್ಟು ತಪ್ಪುತ್ತದೆ, ಯಾವ ಕಡೆಗೆ ತಪ್ಪುತ್ತದೆ, ಶುಗರ್ ಎಷ್ಟಿದ್ದಾಗ ತಪ್ಪುತ್ತದೆ ಎಂದು ಕೇಳಬೇಕು. ಇವಕ್ಕೆ ಮನೆಯಲ್ಲೇ ಸುಮಾರಾಗಿ ಉತ್ತರ ಹುಡುಕಿಕೊಳ್ಳಬಹುದು.

ಅಳೆಯುವುದು ಸ್ಟ್ರಿಪ್

ಮೀಟರ್ ಕೊಳ್ಳುವಾಗ ನಾವು ಮೆಷಿನ್ ನೋಡುತ್ತೇವೆ. ಅಳತೆಯ ಕೆಲಸ ನಡೆಯುವುದು ಮಾತ್ರ ಸ್ಟ್ರಿಪ್‌ನಲ್ಲಿ. ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿಣ್ವದ ಲೇಪ ಇರುತ್ತದೆ. ಕೆಲವದರಲ್ಲಿ ಗ್ಲೂಕೋಸ್ ಆಕ್ಸಿಡೇಸ್, ಇನ್ನು ಕೆಲವದರಲ್ಲಿ ಗ್ಲೂಕೋಸ್ ಡಿಹೈಡ್ರೋಜಿನೇಸ್. ರಕ್ತದ ಗ್ಲೂಕೋಸ್ ಈ ಕಿಣ್ವಕ್ಕೆ ತಾಗಿದಾಗ ರಾಸಾಯನಿಕ ಕ್ರಿಯೆ ನಡೆದು ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಅದರಿಂದ ಹುಟ್ಟುವ ಸಣ್ಣ ಕರೆಂಟನ್ನು ಮೆಷಿನ್ ಅಳೆದು ಅಂಕಿಯಾಗಿ ಬದಲಿಸುತ್ತದೆ. ಕಿಣ್ವ ಮತ್ತು ಎಲೆಕ್ಟ್ರೋಡ್ ಜೋಡಿಸಿ ಗ್ಲೂಕೋಸ್ ಅಳೆಯುವ ಈ ಉಪಾಯವನ್ನು ಅಮೆರಿಕದ ವಿಜ್ಞಾನಿ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಮುಂದಿಟ್ಟರು.

ಹಾಗಾಗಿ ಪ್ರತಿ ಸಲ ಹೊಸ ಸ್ಟ್ರಿಪ್ ಹಾಕಿದಾಗಲೂ ನೀವು ಹೊಸ ಉಪಕರಣದಿಂದ ಅಳೆಯುತ್ತಿದ್ದೀರಿ. ಒಂದೇ ಡಬ್ಬಿಯ ಎರಡು ಸ್ಟ್ರಿಪ್‌ಗಳ ನಡುವೆಯೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಬೇರೆ ಬೇರೆ ಲಾಟ್‌ಗಳ (ಒಟ್ಟಿಗೆ ತಯಾರಾದ ಕಂತುಗಳ) ನಡುವೆ ಅದು ಇನ್ನೂ ಜಾಸ್ತಿ ಇರಬಹುದು. ಎರಡು ನಿಮಿಷದಲ್ಲಿ ಎರಡು ಸಲ ಚುಚ್ಚಿ ನೋಡಿ 138, 147 ಬಂತೆಂದು ಗಾಬರಿಯಾಗುವ ಅಗತ್ಯ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ಈಗಿನ ಸ್ಟ್ರಿಪ್‌ಗೆ ಬೇಕಾದ ರಕ್ತ ಒಂದು ಮೈಕ್ರೋಲೀಟರ್ ಅಥವಾ ಅದಕ್ಕಿಂತ ಕಡಿಮೆ. ಶುಗರ್ 100 ಇದ್ದರೆ, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಇದ್ದರೆ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರುವ ಗ್ಲೂಕೋಸ್ ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು. ನಿಮ್ಮ ಬೆರಳಿನಿಂದ ಅಷ್ಟೇ ಗ್ಲೂಕೋಸ್ ರಕ್ತದ ಹನಿಗೆ ಸೇರಿದರೆ 100 ಇದ್ದದ್ದು 200 ಆಗಿಬಿಡುತ್ತದೆ. ಮಾವಿನಹಣ್ಣು ಹೆಚ್ಚಿದ ಕೈ, ಬೆಲ್ಲ ಮುಟ್ಟಿದ ಕೈ, ಜೇನಿನ ಬಾಟಲಿ ತೆರೆದ ಕೈ, ಯಾವುದಾದರೂ ಸಾಕು. ಇದರ ಮೇಲೆ ಜಪಾನಿನಲ್ಲಿ ನಡೆದ ಒಂದು ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣಿನ ಸಿಪ್ಪೆ ಸುಲಿದವರ ಬೆರಳಿನಿಂದ ರಕ್ತ ತೆಗೆದು ನೋಡಿದರು. ಕೈ ತೊಳೆಯದಿದ್ದಾಗ ಅಂಕಿ ವಿಪರೀತ ಮೇಲೆ ಹೋಯಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಪೂರ್ತಿ ಸರಿಹೋಗಲಿಲ್ಲ. ನಲ್ಲಿ ನೀರಿನಲ್ಲಿ ತೊಳೆದಾಗ ಮಾತ್ರ ಸರಿಯಾದ ಅಂಕಿ ಬಂತು. ಆದ್ದರಿಂದ ನೀರು, ಸೋಪು, ಆಮೇಲೆ ಚೆನ್ನಾಗಿ ಒಣಗಿಸುವುದು. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಅಂಕಿ ಕೆಳಗೆ ಹೋಗುತ್ತದೆ. ಬಸ್‌ನಲ್ಲೋ ಹೊಲದಲ್ಲೋ ಇದ್ದು ನೀರು ಸಿಗದಿದ್ದರೆ ಮೊದಲ ಹನಿಯನ್ನು ಒರೆಸಿ ಎರಡನೆಯ ಹನಿ ಬಳಸಿ.

ಮಿತಿ ಎಂದರೆ ಎಷ್ಟು?

ಮನೆಯ ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಹೆಸರು ಐಎಸ್ಒ 15197. ಅದರ 2003ರ ರೂಪ ಸಡಿಲವಾಗಿತ್ತು. ಶೇ. 20ರವರೆಗಿನ ವ್ಯತ್ಯಾಸವನ್ನು ಒಪ್ಪಿಕೊಳ್ಳುತ್ತಿತ್ತು. 2013ರಲ್ಲಿ ಬಿಗಿ ಮಾಡಿದರು. ಆ ಪ್ರಕಾರ, ಲ್ಯಾಬ್ ಅಂಕಿ 100ಕ್ಕಿಂತ ಕಡಿಮೆ ಇದ್ದರೆ ಮೀಟರ್ ಹೆಚ್ಚೆಂದರೆ 15 ಅಂಕಿ ಆಚೀಚೆ ಇರಬಹುದು. 100 ಅಥವಾ ಅದಕ್ಕಿಂತ ಮೇಲಿದ್ದರೆ ಶೇ. 15 ಆಚೀಚೆ ಇರಬಹುದು. ಇದನ್ನು ನೂರರಲ್ಲಿ 95 ಅಳತೆಗಳು ಪಾಲಿಸಬೇಕು. ಪರೀಕ್ಷೆಗೆ ಕನಿಷ್ಠ 100 ಜನರ ರಕ್ತ ಬೇಕು, ಮೂರು ಬೇರೆ ಲಾಟ್‌ನ ಸ್ಟ್ರಿಪ್ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮ ಇನ್ನೂ ಸ್ವಲ್ಪ ಬಿಗಿ: 95 ಅಳತೆಗಳು ಶೇ. 15ರ ಒಳಗೆ, 99 ಅಳತೆಗಳು ಶೇ. 20ರ ಒಳಗೆ ಬರಬೇಕು.

ಇದನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ಹೆಚ್ಚು ಅರ್ಥವಾಗುತ್ತದೆ. ಲ್ಯಾಬ್ ಪ್ರಕಾರ 200 ಇದ್ದರೆ ಮೀಟರ್ 170 ತೋರಿಸಿದರೂ ಪಾಸ್, 230 ತೋರಿಸಿದರೂ ಪಾಸ್. 300 ಇದ್ದರೆ 255ರಿಂದ 345ರವರೆಗೆ ಪಾಸ್. 70 ಇದ್ದರೆ 55ರಿಂದ 85. ಇಷ್ಟು ಅಗಲದ ಅಂತರಕ್ಕೆ ಒಪ್ಪಿಗೆ ಇದೆ ಅನ್ನುವುದೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಉಳಿದ ಐದು ಅಳತೆಗಳ ಕಥೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವವರು 25 ದಿನದಲ್ಲಿ 100 ಅಳತೆ ಮಾಡುತ್ತಾರೆ. ಒಳ್ಳೆಯ ಮೀಟರ್ ಆದರೂ ಅದರಲ್ಲಿ ಐದು ಮಿತಿಯಿಂದ ಹೊರಗೆ ಹೋಗಬಹುದು. ಮೈಯಲ್ಲಿ ಆಗುತ್ತಿರುವುದಕ್ಕೂ ಪರದೆಯ ಅಂಕಿಗೂ ತಾಳೆ ಆಗದಿದ್ದರೆ ಕೈ ತೊಳೆದು ಹೊಸ ಸ್ಟ್ರಿಪ್‌ನಲ್ಲಿ ಇನ್ನೊಮ್ಮೆ ನೋಡಬೇಕು ಎಂದು ಹೇಳುವುದು ಇದಕ್ಕೇ. ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಬೆವರು, ನಡುಕ, ಎದೆ ಬಡಿತ ಇದ್ದು ಮೀಟರ್ 80 ತೋರಿಸಿದರೆ ನಿಜವಾದ ಶುಗರ್ 65 ಇರಬಹುದು. ಮೊದಲು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ.

ಪೆಟ್ಟಿಗೆಯ ಮೇಲೆ ಐಎಸ್ಒ ಅಂತ ಬರೆದಿದ್ದರೆ ಮುಗಿಯಿತಾ? ಇಲ್ಲ. ಸಾಮಾನ್ಯವಾಗಿ ಆ ಪರೀಕ್ಷೆ ಮಾಡಿಸುವುದು ಕಂಪನಿಯೇ. ಅಮೆರಿಕದ ಡಯಾಬಿಟಿಸ್ ಟೆಕ್ನಾಲಜಿ ಸೊಸೈಟಿ 18 ಮೀಟರ್‌ಗಳನ್ನು ಅಂಗಡಿಗಳಿಂದಲೇ ಕೊಂಡು, ಯಾವುದು ಯಾವ ಕಂಪನಿಯದು ಎಂದು ಪರೀಕ್ಷಿಸುವವರಿಗೆ ತಿಳಿಯದಂತೆ ಮೂರು ಸುತ್ತು ಪರೀಕ್ಷೆ ಮಾಡಿಸಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೂರೂ ಸುತ್ತಿನಲ್ಲಿ ಪಾಸಾದದ್ದು 6 ಮಾತ್ರ. ಅವೆಲ್ಲ ಅಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಮೀಟರ್‌ಗಳೇ. ನಮ್ಮಲ್ಲೂ ಇಂಥ ಸ್ವತಂತ್ರ ಪರೀಕ್ಷೆ ನಿಯಮಿತವಾಗಿ ನಡೆದು, ಹೆಸರು ಸಮೇತ ಫಲಿತಾಂಶ ಜನರಿಗೆ ಸಿಗಬೇಕು.

ಎಲ್ಲ ತಪ್ಪೂ ಒಂದೇ ಅಲ್ಲ

ಶುಗರ್ 320 ಇದ್ದಾಗ ಮೀಟರ್ 370 ತೋರಿಸಿದರೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಎರಡೂ ಜಾಸ್ತಿಯೇ, ಎರಡಕ್ಕೂ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಆದರೆ 55 ಇದ್ದಾಗ 105 ತೋರಿಸಿದರೆ? ಅದೇ 50ರ ವ್ಯತ್ಯಾಸ. ಈ ಸಲ ರೋಗಿ "ನಾರ್ಮಲ್ ಇದೆ" ಎಂದು ಮಲಗಿಬಿಡುತ್ತಾರೆ.

ಈ ಯೋಚನೆಯನ್ನೇ ಹಿಡಿದು 1987ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಕ್ಲಾರ್ಕ್ (ಮೇಲೆ ಹೇಳಿದ ಲೀಲ್ಯಾಂಡ್ ಕ್ಲಾರ್ಕ್ ಅಲ್ಲ) ಮತ್ತು ಅವರ ಜೊತೆಗಾರರು ಒಂದು ನಕ್ಷೆ ಮಾಡಿದರು. ಅಡ್ಡ ಗೆರೆಯಲ್ಲಿ ನಿಜವಾದ ಶುಗರ್, ಉದ್ದ ಗೆರೆಯಲ್ಲಿ ಮೀಟರ್ ತೋರಿಸಿದ್ದು. ನಕ್ಷೆಯನ್ನು ಎ, ಬಿ, ಸಿ, ಡಿ, ಇ ಎಂದು ಐದು ವಲಯ ಮಾಡಿದರು. ಎ ವಲಯದ ತಪ್ಪಿನಿಂದ ಚಿಕಿತ್ಸೆ ಬದಲಾಗುವುದಿಲ್ಲ. ಬಿ ವಲಯದಲ್ಲಿ ವ್ಯತ್ಯಾಸ ಇದ್ದರೂ ಅಪಾಯ ಇಲ್ಲ. ಇ ವಲಯದಲ್ಲಿ ಚಿಕಿತ್ಸೆ ಪೂರ್ತಿ ಉಲ್ಟಾ ಆಗುತ್ತದೆ: ಶುಗರ್ ಕಡಿಮೆ ಇರುವವರಿಗೆ ಇನ್ಸುಲಿನ್, ಜಾಸ್ತಿ ಇರುವವರಿಗೆ ಸಕ್ಕರೆ. 2000ದಲ್ಲಿ ಇದರದ್ದೇ ಸುಧಾರಿತ ರೂಪ ಬಂತು. ಈಗಿನ ಐಎಸ್ಒ ಪ್ರಕಾರ ಆ ಹೊಸ ನಕ್ಷೆಯಲ್ಲಿ ಶೇ. 99 ಅಳತೆಗಳು ಎ ಮತ್ತು ಬಿ ವಲಯದಲ್ಲೇ ಇರಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದರ ಅರ್ಥ ಹೀಗೆ. ಒಬ್ಬರಿಗೆ ಒಂದು ಯೂನಿಟ್ ಇನ್ಸುಲಿನ್ 50ರಷ್ಟು ಶುಗರ್ ಇಳಿಸುತ್ತದೆ, ಅವರ ಗುರಿ 100 ಎಂದು ಇಟ್ಟುಕೊಳ್ಳಿ. ಮೀಟರ್ 200 ತೋರಿಸಿತು. ಅವರು ಲೆಕ್ಕ ಹಾಕಿ ಎರಡು ಯೂನಿಟ್ ಜಾಸ್ತಿ ತೆಗೆದುಕೊಂಡರು. ನಿಜವಾದ ಶುಗರ್ 150 ಇದ್ದಿದ್ದರೆ ಅದು 50ಕ್ಕೆ ಇಳಿಯುತ್ತದೆ. 54ಕ್ಕಿಂತ ಕೆಳಗೆ ಹೋದರೆ ವೈದ್ಯರು ಅದನ್ನು ಗಂಭೀರ ಎಂದೇ ನೋಡುತ್ತಾರೆ. ಇಲ್ಲದ ಶುಗರ್ ತೋರಿಸುವ ಮೀಟರ್ ಇನ್ಸುಲಿನ್‌ನವರಿಗೆ ಬಹಳ ಅಪಾಯ. ಗ್ಲಿಮೆಪಿರೈಡ್‌ನಂಥ ಮಾತ್ರೆಯವರೂ ಶುಗರ್ ಕೆಳಗಿಳಿಯುವ ಕಡೆ ಕಣ್ಣಿಟ್ಟಿರಬೇಕು. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ 10-15 ಅಂಕಿ ಆಚೀಚೆ ಆದರೆ ತಲೆಬಿಸಿ ಬೇಡ.

ಲ್ಯಾಬ್ ರಿಪೋರ್ಟ್ ಕೂಡ ವೇದವಾಕ್ಯ ಅಲ್ಲ

ಲ್ಯಾಬ್ ಅಂಕಿಯನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ, ಸರಿ. ಆದರೆ ತೋಳಿನಿಂದ ತೆಗೆದ ರಕ್ತ ಟ್ಯೂಬ್‌ನಲ್ಲಿ ಇದ್ದಾಗಲೂ ಅದರ ಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣಾಂಶದಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಕಡಿಮೆಯಾಗುತ್ತದೆ. 150 ಇದ್ದ ರಕ್ತ ಮೂರು ಗಂಟೆ ಸುಮ್ನೆ ಇದ್ದರೆ 125ರ ಹತ್ತಿರ ಬರಬಹುದು. ತಾಲ್ಲೂಕಿನ ಕಲೆಕ್ಷನ್ ಸೆಂಟರ್‌ನಲ್ಲಿ ಕೊಟ್ಟ ರಕ್ತ ಜಿಲ್ಲಾ ಕೇಂದ್ರದ ಲ್ಯಾಬ್ ತಲುಪುವ ಹೊತ್ತಿಗೆ ಎಷ್ಟಾಗಿರುತ್ತದೆ ಎಂದು ಯೋಚಿಸಿ. ಇದನ್ನು ತಡೆಯಲು ಬೂದು ಬಣ್ಣದ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದು ಪೂರ್ತಿ ಕೆಲಸ ಶುರು ಮಾಡಲು ಒಂದೆರಡು ಗಂಟೆ ಬೇಕು. ಹಾಗಾಗಿ ಆ ಟ್ಯೂಬ್‌ನಲ್ಲೂ ಮೊದಮೊದಲು ಸ್ವಲ್ಪ ಗ್ಲೂಕೋಸ್ ಹೋಗಿಯೇ ಹೋಗುತ್ತದೆ.

ಇನ್ನೊಂದು ವಿಷಯ: ಬೆರಳಿನ ರಕ್ತವೂ ತೋಳಿನ ರಕ್ತನಾಳದ ರಕ್ತವೂ ಒಂದೇ ಅಲ್ಲ. ಖಾಲಿ ಹೊಟ್ಟೆಯಲ್ಲಿ ಎರಡರ ಶುಗರ್ ಹತ್ತಿರ ಹತ್ತಿರ ಇರುತ್ತದೆ. ಊಟ ಆದ ಮೇಲೆ ಬೆರಳಿನ ರಕ್ತದಲ್ಲಿ ಜಾಸ್ತಿ ಇರುತ್ತದೆ, 20-30 ಅಂಕಿ ಅಥವಾ ಇನ್ನೂ ಹೆಚ್ಚು. ಮಾಂಸಖಂಡಗಳು ಗ್ಲೂಕೋಸ್ ಹೀರಿಕೊಂಡ ಮೇಲೆ ವಾಪಸ್ ಬರುವ ರಕ್ತ ತೋಳಿನ ನಾಳದಲ್ಲಿ ಇರುವುದೇ ಇದಕ್ಕೆ ಕಾರಣ. ತಿಂಡಿ ತಿಂದು ಎರಡು ಗಂಟೆಗೆ ಮನೆಯ ಮೀಟರನ್ನು ಲ್ಯಾಬ್ ಜೊತೆ ಹೋಲಿಸಿ ಮೀಟರ್ ತಪ್ಪು ಎಂದರೆ ಅದಕ್ಕೆ ಅನ್ಯಾಯ.

ರಕ್ತಹೀನತೆ, ಔಷಧಿ, ಬಿಸಿಲು

ನಮ್ಮ ದೇಶಕ್ಕೆ ತುಂಬಾ ಮುಖ್ಯವಾದ, ಆದರೆ ಯಾರೂ ಹೆಚ್ಚು ಮಾತಾಡದ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ. ಕೆಂಪು ಕಣ ಕಡಿಮೆ ಇದ್ದಾಗ ಪ್ಲಾಸ್ಮಾ ಸಲೀಸಾಗಿ ಕಿಣ್ವದ ಪದರಕ್ಕೆ ಇಳಿಯುತ್ತದೆ. ಆಗ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕೆಂಪು ಕಣ ಹೆಚ್ಚಿದ್ದರೆ ಕಡಿಮೆ ತೋರಿಸುತ್ತದೆ. ಸ್ಟ್ರಿಪ್ ಜೊತೆ ಬರುವ ಮಡಚಿದ ಕಾಗದದಲ್ಲಿ ಹೆಮಟೋಕ್ರಿಟ್ ಎಂಬ ಸಾಲು ಹುಡುಕಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂಬುದೇ ಹೆಮಟೋಕ್ರಿಟ್. ಕೆಲವು 30ರಿಂದ 55ರವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಕೆಲವು ಇನ್ನೂ ಅಗಲವಾದ ವ್ಯಾಪ್ತಿ ತಡೆಯುತ್ತವೆ. ಬಸುರಿಯರು, ಕಿಡ್ನಿ ತೊಂದರೆ ಇರುವವರು, ಹಿಮೋಗ್ಲೋಬಿನ್ ತುಂಬಾ ಕಡಿಮೆ ಇರುವವರು ಅಗಲ ವ್ಯಾಪ್ತಿಯ ಸ್ಟ್ರಿಪ್ ಆರಿಸುವುದು ಒಳ್ಳೆಯದು.

ಕಿಡ್ನಿ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ಎಂಬ ದ್ರವ ಬಳಸಿದರೆ ರಕ್ತದಲ್ಲಿ ಮಾಲ್ಟೋಸ್ ಸೇರುತ್ತದೆ. ಪಿಕ್ಯುಕ್ಯು ಎಂಬ ಸಹಕಿಣ್ವ ಇರುವ ಹಳೆಯ ಬಗೆಯ ಡಿಹೈಡ್ರೋಜಿನೇಸ್ ಸ್ಟ್ರಿಪ್‌ಗಳು ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಎಣಿಸುತ್ತಿದ್ದವು. ಅಮೆರಿಕದಲ್ಲಿ 1997ರಿಂದ 2009ರ ನಡುವೆ ಇದಕ್ಕೆ ಸಂಬಂಧಿಸಿದ 13 ಸಾವುಗಳು ವರದಿಯಾದವು, 2009ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಈ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾವ ಸ್ಟ್ರಿಪ್ ಬಳಸಬೇಕೆಂದು ತಮ್ಮ ಡಾಕ್ಟರನ್ನು ಕೇಳಿಯೇ ಕೊಳ್ಳಬೇಕು. ದೊಡ್ಡ ಡೋಸ್‌ನ ವಿಟಮಿನ್ ಸಿ ಡ್ರಿಪ್ ಹಾಕಿಸಿಕೊಂಡಾಗಲೂ ಕೆಲವು ಮೀಟರ್‌ಗಳು ತಪ್ಪಾಗಿ ಜಾಸ್ತಿ ತೋರಿಸುತ್ತವೆ.

ಸ್ಟ್ರಿಪ್ ಇಡುವ ಜಾಗದ ಬಗ್ಗೆ ಹೇಳುವುದಾದರೆ, ಹೆಚ್ಚಿನವನ್ನು 30 ಡಿಗ್ರಿ ಒಳಗೆ ಇಡಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ದಾಟುತ್ತದೆ. ಸ್ಕೂಟರ್ ಡಿಕ್ಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಅದಕ್ಕೂ ಜಾಸ್ತಿ. ಕರಾವಳಿ, ಮಲೆನಾಡಿನಲ್ಲಿ ತೊಂದರೆ ಕೊಡುವುದು ತೇವ. ಡಬ್ಬಿಯ ಒಳಗೆ ತೇವ ಹೀರುವ ವಸ್ತು ಇರುತ್ತದೆ. ಸ್ಟ್ರಿಪ್‌ಗಳನ್ನು ತೆಗೆದು ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಅದರ ರಕ್ಷಣೆ ಹೋಯಿತು. ಮುಚ್ಚಳ ತೆರೆದಿಟ್ಟರೂ ಅಷ್ಟೇ. ಮನೆಯ ಒಳಗೆ, ಅಡುಗೆ ಮನೆ ಮತ್ತು ಬಚ್ಚಲಿನಿಂದ ದೂರ, ಗಟ್ಟಿಯಾಗಿ ಮುಚ್ಚಿ ಇಡಿ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬರೆದುಕೊಳ್ಳಿ. ಕೆಲವು ಸ್ಟ್ರಿಪ್‌ಗಳು ತೆರೆದ ಮೇಲೆ ಮೂರು ತಿಂಗಳಷ್ಟೇ ಬಾಳುತ್ತವೆ.

ವಿದೇಶದಲ್ಲಿರುವ ಮಕ್ಕಳು ಮೀಟರ್ ಕಳಿಸಿದ್ದರೆ ಇನ್ನೊಂದು ಗೊಂದಲ ಆಗುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಮೀಟರ್‌ಗಳು ಮಿಲಿಮೋಲ್ ಲೆಕ್ಕದಲ್ಲಿ 7.8 ಎಂದು ತೋರಿಸುತ್ತವೆ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದ 140 ಸಿಗುತ್ತದೆ. ಅದರ ಸ್ಟ್ರಿಪ್ ನಿಮ್ಮ ಊರಿನಲ್ಲಿ ಸಿಗುತ್ತದಾ ಎಂದು ಮೊದಲೇ ನೋಡಿಕೊಳ್ಳಿ.

ನಿಮ್ಮ ಮೀಟರನ್ನು ನೀವೇ ಪರೀಕ್ಷಿಸುವುದು

ಹೇಗೂ ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತೀರಿ, ಅಲ್ವಾ? ಆ ದಿನ ಮೀಟರನ್ನೂ ಜೊತೆಗೆ ಒಯ್ಯಿರಿ. ಖಾಲಿ ಹೊಟ್ಟೆಯಲ್ಲೇ ಇರಿ. ಅಲ್ಲಿ ಕೈ ತೊಳೆದು ಒಣಗಿಸಿ. ತೋಳಿನಿಂದ ರಕ್ತ ತೆಗೆದ ಐದು ನಿಮಿಷದ ಒಳಗೆ ಬೆರಳು ಚುಚ್ಚಿ ನಿಮ್ಮ ಮೀಟರ್‌ನಲ್ಲಿ ನೋಡಿ. ಬೆರಳಿನ ಪಕ್ಕದಲ್ಲಿ ಚುಚ್ಚಿ, ಜೋರಾಗಿ ಹಿಂಡಬೇಡಿ. ಹಿಂಡಿದರೆ ಅಂಗಾಂಶದ ದ್ರವ ಸೇರಿ ರಕ್ತ ತೆಳುವಾಗುತ್ತದೆ. ಟ್ಯೂಬ್‌ನ ರಕ್ತವನ್ನೇ ಸ್ಟ್ರಿಪ್‌ಗೆ ಹಾಕಲು ಕೇಳಬೇಡಿ, ಫ್ಲೋರೈಡ್ ಕೆಲವು ಸ್ಟ್ರಿಪ್‌ಗಳನ್ನು ಹಾದಿ ತಪ್ಪಿಸುತ್ತದೆ. ರಕ್ತವನ್ನು ಅಲ್ಲೇ ಪರೀಕ್ಷಿಸುತ್ತಾರಾ, ಬೇರೆ ಊರಿಗೆ ಕಳಿಸುತ್ತಾರಾ ಎಂದೂ ವಿಚಾರಿಸಿ. ಅಲ್ಲೇ ಪರೀಕ್ಷಿಸುವ ಲ್ಯಾಬ್ ಆದರೆ ಹೋಲಿಕೆಗೆ ಬೆಲೆ ಜಾಸ್ತಿ.

ಲೆಕ್ಕ ಸುಲಭ. ಮೀಟರ್ ಅಂಕಿಯಿಂದ ಲ್ಯಾಬ್ ಅಂಕಿ ಕಳೆಯಿರಿ, ಬಂದದ್ದನ್ನು ಲ್ಯಾಬ್ ಅಂಕಿಯಿಂದ ಭಾಗಿಸಿ, ನೂರರಿಂದ ಗುಣಿಸಿ. ಮೀಟರ್ 181, ಲ್ಯಾಬ್ 168 ಆದರೆ ವ್ಯತ್ಯಾಸ 13, ಅಂದರೆ ಸುಮಾರು ಶೇ. 8. ಚೆನ್ನಾಗಿದೆ. ಮೀಟರ್ 104, ಲ್ಯಾಬ್ 92 ಆದರೆ ನೂರಕ್ಕಿಂತ ಕೆಳಗಿರುವುದರಿಂದ ಶೇಕಡಾ ಬೇಡ, 12ರ ವ್ಯತ್ಯಾಸ ಸಾಕು. ಅದೂ ಸರಿ ಇದೆ.

ಒಂದೇ ಹೋಲಿಕೆಯಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಸಲ ಮಾಡಿದ ಮೇಲೆ ವ್ಯತ್ಯಾಸ ಯಾವ ಕಡೆಗೆ ಎಂದು ನೋಡಿ. ಯಾವಾಗಲೂ 50 ಗ್ರಾಂ ಜಾಸ್ತಿ ತೋರಿಸುವ ತಕ್ಕಡಿ ಇದ್ದರೆ ಕಳೆದು ಲೆಕ್ಕ ಹಾಕಬಹುದು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವ ತಕ್ಕಡಿಯಿಂದ ವ್ಯಾಪಾರ ಆಗುವುದಿಲ್ಲ. ಮೀಟರ್ ವಿಷಯವೂ ಹಾಗೇ. ಸದಾ ಶೇ. 8 ಮೇಲೆ ಓದುವ ಮೀಟರ್ ಜೊತೆ ಬದುಕಬಹುದು, ಅದನ್ನು ಡಾಕ್ಟರಿಗೆ ಹೇಳಿದರೆ ಸಾಕು. ಒಮ್ಮೆ ಶೇ. 18 ಮೇಲೆ, ಮುಂದಿನ ಸಲ ಶೇ. 14 ಕೆಳಗೆ ಹೋಗುವ ಮೀಟರ್ ಮೇಲೆ ಇನ್ಸುಲಿನ್ ಲೆಕ್ಕ ಹಾಕಬೇಡಿ.

ಇದಲ್ಲದೆ ಕಂಟ್ರೋಲ್ ಸಲ್ಯೂಷನ್ ಎಂಬ ಸಣ್ಣ ಬಾಟಲಿ ಸಿಗುತ್ತದೆ. ಅದರಲ್ಲಿ ಗೊತ್ತಾದ ಪ್ರಮಾಣದ ಗ್ಲೂಕೋಸ್ ಇರುತ್ತದೆ. ಒಂದು ಹನಿ ಸ್ಟ್ರಿಪ್‌ಗೆ ಹಾಕಿದರೆ ಬರುವ ಅಂಕಿ ಡಬ್ಬಿಯ ಮೇಲೆ ಬರೆದ ವ್ಯಾಪ್ತಿಯಲ್ಲಿ ಇರಬೇಕು. ಇಲ್ಲದಿದ್ದರೆ ಆ ಡಬ್ಬಿ ಬಿಸಾಡಿ. ಸ್ಟ್ರಿಪ್ ಕೆಟ್ಟಿದೆಯಾ ಎಂದು ಮಾತ್ರ ಇದು ಹೇಳುತ್ತದೆ, ನಿಮ್ಮ ರಕ್ತದಲ್ಲಿ ಎಷ್ಟು ನಿಖರ ಎಂದು ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕ ಸ್ಟ್ರಿಪ್ ಆದರೆ ಇದನ್ನು ತಪ್ಪದೆ ಮಾಡಿ, ಎಕ್ಸ್‌ಪೈರಿ ದಿನಾಂಕ, ಲೈಸೆನ್ಸ್ ನಂಬರ್ ನೋಡಿ.

ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಇನ್ನೊಂದು ಸಾಕ್ಷಿ. ಅದು ಸುಮಾರು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. 7 ಬಂದರೆ ಸರಾಸರಿ ಶುಗರ್ 154, 8 ಬಂದರೆ 183, 9 ಬಂದರೆ 212ರ ಹತ್ತಿರ. ನಿಮ್ಮ ಪುಸ್ತಕದ ಅಂಕಿಗಳ ಸರಾಸರಿ 130 ಇದ್ದು ಎಚ್‌ಬಿಎ1ಸಿ 9 ಬಂದರೆ ಎಲ್ಲೋ ತಾಳ ತಪ್ಪಿದೆ. ಮೀಟರ್ ಕಡಿಮೆ ತೋರಿಸುತ್ತಿರಬಹುದು. ಇಲ್ಲವೇ ನೀವು ಬರೀ ಬೆಳಿಗ್ಗೆ ನೋಡುತ್ತಿದ್ದು, ಶುಗರ್ ಏರುತ್ತಿರುವುದು ಊಟದ ನಂತರ ಇರಬಹುದು. ಎರಡನೆಯದನ್ನು ಮೊದಲು ಅನುಮಾನಿಸಿ: ಒಂದು ವಾರ ಊಟವಾಗಿ ಎರಡು ಗಂಟೆಗೆ ನೋಡಿ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ತಾನೇ ತಪ್ಪಾಗಿ ಮೇಲಕ್ಕೆ ಹೋಗುತ್ತದೆ. ಅಂಥವರಲ್ಲಿ ಹಿಮೋಗ್ಲೋಬಿನ್ ರಿಪೋರ್ಟನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು.

ಮೀಟರ್ ಅಂಕಿ ನೋಡಿ ನಿಮಗೆ ನೀವೇ ಸಕ್ಕರೆ ಕಾಯಿಲೆ ಇದೆ, ಇಲ್ಲ ಎಂದು ತೀರ್ಮಾನಿಸಬೇಡಿ. ಖಾಲಿ ಹೊಟ್ಟೆಯಲ್ಲಿ 126 ಎಂಬ ಗಡಿ ಲ್ಯಾಬ್‌ನ ಪ್ಲಾಸ್ಮಾ ಪರೀಕ್ಷೆಗೆ ಹಾಕಿದ್ದು. ಶೇ. 15 ಆಚೀಚೆ ಆಗುವ ಉಪಕರಣದಲ್ಲಿ 118 ಮತ್ತು 130ರ ನಡುವೆ ಗೆರೆ ಎಳೆಯಲು ಆಗುವುದಿಲ್ಲ.

ಕೊನೆಯದಾಗಿ, ತೋಳಿಗೆ ಅಂಟಿಸಿ ದಿನವಿಡೀ ಶುಗರ್ ನೋಡುವ ಸಿಜಿಎಂ ಸೆನ್ಸರ್ ಬಳಸುವವರಿಗೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವದ ಗ್ಲೂಕೋಸನ್ನು. ಶುಗರ್ ವೇಗವಾಗಿ ಏರುವಾಗ, ಇಳಿಯುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಆ ಹೊತ್ತಿನಲ್ಲಿ ಬೆರಳಿನ ಅಂಕಿಗೂ ಅದಕ್ಕೂ ಹೊಂದುವುದಿಲ್ಲ, ಹೊಂದಬೇಕೆಂದೂ ಇಲ್ಲ. ಹೋಲಿಸಿ ನೋಡುವುದಾದರೆ ಸೆನ್ಸರ್ ತೋರಿಸುವ ಬಾಣದ ಗುರುತು ಅಡ್ಡವಾಗಿ ಇರುವಾಗ, ಅಂದರೆ ಶುಗರ್ ಏರದೆ ಇಳಿಯದೆ ಇರುವಾಗ ನೋಡಿ. ಸೆನ್ಸರ್ ಕಡಿಮೆ ಎಂದು ಕೂಗುತ್ತಿದ್ದು ನಿಮಗೆ ಏನೂ ಅನಿಸದಿದ್ದರೆ, ಅಥವಾ ನಡುಕ ಬಂದರೂ ಅದು ನಾರ್ಮಲ್ ಎಂದರೆ, ಕೈ ತೊಳೆದು ಬೆರಳು ಚುಚ್ಚಿ ನೋಡಿ.